ದಕ್ಷಿಣ ಕೊರಿಯಾವನ್ನು ಒಂದೇ ಗೋಡೆಪಟದಲ್ಲಿ ತೋರಿಸುವುದು ಹೇಗೆ

ಶಾಲೆಯ ವಸ್ತುಪ್ರದರ್ಶನದಲ್ಲಿ ಒಂದು ದೇಶವನ್ನು ತೋರಿಸುವಾಗ ಜನಸಂಖ್ಯೆಗೊಂದು ಹಾಳೆ, ಆರ್ಥಿಕತೆಗೊಂದು, ಇತಿಹಾಸಕ್ಕೆ ಮತ್ತೊಂದು ಎಂದು ಬೇರೆ ಬೇರೆಯಾಗಿ ತೂಗುಹಾಕುವುದು ವಾಡಿಕೆ. ದಕ್ಷಿಣ ಕೊರಿಯಾಕ್ಕೆ ಈ ಕ್ರಮ ಒಗ್ಗುವುದಿಲ್ಲ. ಅಲ್ಲಿ ಭೂಸುಧಾರಣೆ, ಕಾರ್ಖಾನೆ, ರಾಜಧಾನಿಗೆ ವಲಸೆ, ಖಾಲಿ ತೊಟ್ಟಿಲು ಇವೆಲ್ಲ ಎಪ್ಪತ್ತೈದು ವರ್ಷಗಳೊಳಗೆ ಒಂದರ ಬಾಲ ಇನ್ನೊಂದು ಹಿಡಿದು ಬಂದಿವೆ. ಜನಸಂಖ್ಯೆ, ಇತಿಹಾಸ, ಆರ್ಥಿಕತೆ ಮೂರನ್ನೂ ಒಂದೇ ವರ್ಷಗಳ ಗೆರೆಯ ಮೇಲೆ ಜೋಡಿಸಿ, ಅಡಿಯಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯದೂ ಒಂದು ಸಣ್ಣ ಪಟ್ಟಿ ಎಳೆದರೆ ಹತ್ತನೇ ತರಗತಿಯ ಮಕ್ಕಳಿಗೂ ಸಂಬಂಧ ಕಣ್ಣಿಗೆ ಕಾಣುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. 56 × 71 ಸೆಂ.ಮೀ. ಅಳತೆಯ ಬಿಳಿ ಚಾರ್ಟ್ ಶೀಟ್ ನಾಲ್ಕು, ಒಂದು ಹಳೆಯ ಬಿಳಿ ಪಂಚೆ, ಫೆವಿಕಾಲ್, ಪರ್ಮನೆಂಟ್ ಮಾರ್ಕರ್ ನಾಲ್ಕು ಬಣ್ಣದವು, ಎರಡು ಅಡಿಕೆ ದಬ್ಬೆ (ಅಡಿಕೆ ಮರದ ಸೀಳು), ಕೆಂಪು ನೂಲು, ಮತ್ತು 200 ಒಣಗಿದ ಅಡಿಕೆ. ಅಡಿಕೆ ಕಡಿಮೆ ದರ್ಜೆಯ ಗೊರಬಲಾದರೆ ಸಾಕು, ಮೇಲ್ದರ್ಜೆಯ ‘ಸರಕು’ ಹಾಳುಮಾಡಬೇಡಿ. ಮೈದಾ ಅಂಟು ಬೇಡವೇ ಬೇಡ: ಆಗುಂಬೆ, ಹೊಸನಗರದ ಕಡೆಯ ಥಂಡಿಗೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಸ್ಕೆಚ್ ಪೆನ್ನಿನ ಬರಹವೂ ಮಳೆಗಾಲದ ಗೋಡೆಗೆ ತಾಗಿದರೆ ಹರಡಿಕೊಳ್ಳುತ್ತದೆ.

ಮೂರು ಶೀಟುಗಳನ್ನು ಉದ್ದಕ್ಕೆ ಇಟ್ಟು, 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿ. 209 ಸೆಂ.ಮೀ. ಉದ್ದ ಸಿಗುತ್ತದೆ. ಫೆವಿಕಾಲಿಗೆ ಅರ್ಧದಷ್ಟು ನೀರು ಬೆರೆಸಿ ತೆಳುವಾಗಿ ಬಳಿದು ಪಂಚೆಯ ಮೇಲೆ ಕೂರಿಸಿ. ಗಟ್ಟಿ ಬಳಿದರೆ ಒಣಗುವಾಗ ಕಾಗದ ಸುಕ್ಕಾಗುತ್ತದೆ. ಎರಡೂ ತುದಿಗೆ ದಬ್ಬೆ ಹೊಲಿದರೆ ಸುರುಳಿ ಸುತ್ತಿಡಬಹುದು. ತೂಗುಹಾಕಲು ಮೇಲಂಚಿನಲ್ಲಿ 50 ಸೆಂ.ಮೀ.ಗೊಂದು ದಾರದ ಕುಣಿಕೆ ಬೇಕು, ಇಲ್ಲದಿದ್ದರೆ ನಡು ಜೋತುಬೀಳುತ್ತದೆ.

ಈಗ ಅಳತೆ. 1945ರಿಂದ 2025ರವರೆಗೆ 80 ವರ್ಷ. ವರ್ಷಕ್ಕೆ 2.5 ಸೆಂ.ಮೀ. ಹಿಡಿದರೆ ಸರಿಯಾಗಿ 200 ಸೆಂ.ಮೀ., ಅಂದರೆ ದಶಕಕ್ಕೆ 25. ಎಡಗಡೆ 4, ಬಲಗಡೆ 5 ಸೆಂ.ಮೀ. ಅಂಚು ಬಿಡಿ. ಎತ್ತರದಲ್ಲಿ ಶೀರ್ಷಿಕೆಗೆ 4, ಜನಸಂಖ್ಯೆಗೆ 16, ಇತಿಹಾಸಕ್ಕೆ 14, ಆರ್ಥಿಕತೆಗೆ 16, ಶಿವಮೊಗ್ಗಕ್ಕೆ 6. ಇತಿಹಾಸ ನಡುವೆಯೇ ಇರಲಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ನೂಲು ಎಳೆಯಬೇಕಾಗುತ್ತದೆ.

ಹಳೆಯ ಇತಿಹಾಸವನ್ನೂ ಇದೇ ಗೆರೆಗೆ ತುರುಕಲು ಹೋದರೆ ಕೆಲಸ ಕೆಡುತ್ತದೆ. ಜೊಸನ್ ರಾಜವಂಶ ಶುರುವಾದ 1392ನ್ನು ಇದೇ ಅಳತೆಯಲ್ಲಿ ಗುರುತಿಸಬೇಕೆಂದರೆ ಪಟ ಎಡಕ್ಕೆ ಇನ್ನೂ 13.8 ಮೀಟರ್ ಚಾಚಬೇಕು. ಆದ್ದರಿಂದ ನಾಲ್ಕನೇ ಶೀಟಿನಲ್ಲಿ ಹತ್ತು ವರ್ಷಕ್ಕೆ 1 ಸೆಂ.ಮೀ.ನಂತೆ ಪ್ರತ್ಯೇಕ ಪಟ್ಟಿ ಮಾಡಿ ಎಡಗಡೆ ನೇತುಹಾಕಿ, 55 ಸೆಂ.ಮೀ.ನಲ್ಲಿ ಮುಗಿಯುತ್ತದೆ. ಅಳತೆ ಬದಲಾಗಿದೆ ಎಂದು ತೋರಿಸಲು ಎರಡರ ನಡುವೆ ಗರಗಸದ ಹಲ್ಲಿನಂಥ ಗೆರೆ ಎಳೆಯಿರಿ. ಈ ಪಟ್ಟಿಗೆ ಆರು ಗುರುತು ಸಾಕು: 1392, ಸೆಜೊಂಗ್ ದೊರೆ ಹಾಂಗುಲ್ ಲಿಪಿಯನ್ನು ಪ್ರಜೆಗಳಿಗೆ ಕೊಟ್ಟ 1446, ಜಪಾನಿನ ದಂಡಯಾತ್ರೆಯ 1592–98, ಬಂದರು ತೆರೆಸಿದ ಗಾಂಗ್‌ಹ್ವಾ ಒಪ್ಪಂದದ 1876, ಜಪಾನ್ ದೇಶವನ್ನೇ ನುಂಗಿದ 1910, ಸ್ವಾತಂತ್ರ್ಯದ ಕೂಗೆದ್ದ 1919ರ ಮಾರ್ಚ್ 1. ಹಾಂಗುಲ್ ಬಗ್ಗೆ ಒಂದು ಮಾತು ಹೆಚ್ಚಿಗೆ ಬರೆಯಿರಿ. ವ್ಯಂಜನಗಳನ್ನು ಉಚ್ಚರಿಸುವಾಗ ನಾಲಿಗೆ, ತುಟಿ, ಗಂಟಲು ನಿಲ್ಲುವ ಆಕಾರವನ್ನೇ ನೋಡಿ ಕಟ್ಟಿದ ಲಿಪಿ ಅದು. ಕಾಗುಣಿತ, ಒತ್ತಕ್ಷರ ಬಲ್ಲ ನಮ್ಮ ಮಕ್ಕಳಿಗೆ ಅಕ್ಷರಗಳನ್ನು ಗುಂಪಾಗಿ ಕೂರಿಸುವ ಅದರ ರೀತಿ ಬೇಗ ಹಿಡಿಸುತ್ತದೆ.

ನಕ್ಷೆ ಅಂಗೈ ಅಗಲದ್ದಿರಲಿ. ದೇಶದ ವಿಸ್ತೀರ್ಣ ಸುಮಾರು 1 ಲಕ್ಷ ಚ.ಕಿ.ಮೀ., ಹೆಚ್ಚುಕಡಿಮೆ ಹನ್ನೆರಡು ಶಿವಮೊಗ್ಗ ಜಿಲ್ಲೆ. ಗಡಿ ಎಳೆಯುವಾಗ ಬಹಳ ಜನ ಎಡವುತ್ತಾರೆ. 1945ರಲ್ಲಿ ಸೋವಿಯತ್ ಮತ್ತು ಅಮೆರಿಕನ್ ಸೇನೆಗಳು ಹಂಚಿಕೊಂಡ 38ನೇ ಅಕ್ಷಾಂಶ ನೇರ ಗೆರೆ. ಈಗಿನ ಗಡಿ ಉತ್ತರ–ದಕ್ಷಿಣಗಳ ನಡುವಿನ ಕೊರಿಯಾ ಯುದ್ಧವನ್ನು ನಿಲ್ಲಿಸಿದ 1953ರ ಜುಲೈ 27ರ ಕದನವಿರಾಮದ ರೇಖೆ. ಅದು ಪಶ್ಚಿಮದಲ್ಲಿ 38ರ ಕೆಳಗಿಳಿದು ಪೂರ್ವದಲ್ಲಿ ಮೇಲೇರುತ್ತದೆ. ಯುದ್ಧಕ್ಕೆ ಮುಂಚೆ ದಕ್ಷಿಣದಲ್ಲಿದ್ದ ಕೆಸಾಂಗ್ ಈಗ ಉತ್ತರದ್ದು, ಉತ್ತರದಲ್ಲಿದ್ದ ಸೊಕ್ಚೊ ಈಗ ದಕ್ಷಿಣದ್ದು. ಹಳೆಯದನ್ನು ಚುಕ್ಕೆಗೆರೆಯಲ್ಲೂ ಹೊಸದನ್ನು ಕೆಂಪು ನೂಲಿನಲ್ಲೂ ತೋರಿಸಿ. ‘ಯುದ್ಧ ಮುಗಿಯಿತು’ ಎಂದು ಬರೆಯಬೇಡಿ, ಶಾಂತಿ ಒಪ್ಪಂದಕ್ಕೆ ಇಂದಿಗೂ ಸಹಿ ಬಿದ್ದಿಲ್ಲ.

ಇತಿಹಾಸದ ಪಟ್ಟಿಯಲ್ಲಿ 1948, 1950, 1953, 1961, 1980, 1987, 1997 ದಪ್ಪಗಿರಲಿ. ಅನುಕ್ರಮವಾಗಿ ಎರಡು ಸರ್ಕಾರಗಳ ಸ್ಥಾಪನೆ, ಯುದ್ಧ, ಕದನವಿರಾಮ, ಸೇನಾಧಿಕಾರಿ ಪಾರ್ಕ್ ಚುಂಗ್ ಹೀ ನಡೆಸಿದ ಸೇನಾಕ್ರಾಂತಿ, ಗ್ವಾಂಗ್ಜು ನಗರದ ದಂಗೆ ಮತ್ತು ಹತ್ಯಾಕಾಂಡ, ನೇರ ಅಧ್ಯಕ್ಷೀಯ ಚುನಾವಣೆ ಗೆದ್ದುಕೊಂಡ ಜೂನ್ ಹೋರಾಟ, ಸಾಲದ ಬಿಕ್ಕಟ್ಟು. ಕಾರ್ಖಾನೆಗಳನ್ನು ಹೊಗಳುವ ಭರದಲ್ಲಿ 1980 ಬಿಟ್ಟುಹೋಗಬಾರದು. ಆ ಬೆಳವಣಿಗೆಯ ಬೆಲೆ ತೆತ್ತವರು ಅಲ್ಲಿದ್ದಾರೆ.

ಶಿವಮೊಗ್ಗದ ಪಟ್ಟಿ ಜೀವ ತಳೆಯುವುದು ಇಲ್ಲೇ. 1948ರಲ್ಲಿ ಜೋಗದ ವಿದ್ಯುದಾಗಾರ ಉದ್ಘಾಟನೆಯಾಯಿತು. ಅದೇ ವರ್ಷ ಮೇ 14ಕ್ಕೆ ಉತ್ತರ ಕೊರಿಯಾ ದಕ್ಷಿಣಕ್ಕೆ ಕರೆಂಟು ಕಡಿದುಹಾಕಿತು, ಏಕೆಂದರೆ ದೊಡ್ಡ ಜಲವಿದ್ಯುತ್ ಕೇಂದ್ರಗಳೆಲ್ಲ ಉತ್ತರದಲ್ಲಿದ್ದವು. 1950ರಲ್ಲಿ ದಕ್ಷಿಣ ಕೊರಿಯಾ ಭೂಸುಧಾರಣೆ ಜಾರಿಮಾಡಿತು: ಮಿತಿ ಸುಮಾರು 3 ಹೆಕ್ಟೇರ್, ಗೇಣಿದಾರ ಒಂದು ವರ್ಷದ ಬೆಳೆಯ ಒಂದೂವರೆ ಪಟ್ಟನ್ನು ಐದು ವರ್ಷದಲ್ಲಿ ಕಟ್ಟಿದರೆ ಜಮೀನು ಅವನದು. ಅದರ ಮರುವರ್ಷ, 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಸತ್ಯಾಗ್ರಹಕ್ಕಿಳಿದರು. ಉಳುವವನಿಗೇ ಹೊಲ ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1974ರಲ್ಲಿ. 1951ರಿಂದ 1974ಕ್ಕೆ ಪಟದಲ್ಲಿ 57.5 ಸೆಂ.ಮೀ. ನೂಲು ಬೇಕು, ಕೊರಿಯಾದಲ್ಲಿ 1950ರಲ್ಲೇ ಅದು ಜಾರಿಯಾಗಿತ್ತು. ಜಮೀನು ಸಿಕ್ಕ ಆ ರೈತರು ಮಕ್ಕಳನ್ನು ಶಾಲೆಗೆ ಕಳಿಸಿದರು. ಮುಂದೆ ಕಾರ್ಖಾನೆಗೆ ಬಂದ ಓದುಬರಹ ಬಲ್ಲ ಕೆಲಸಗಾರರು ಆ ಮಕ್ಕಳೇ. ಎಡ ಅಂಚಿನಲ್ಲಿ ‘ಭದ್ರಾವತಿ, ಕಬ್ಬಿಣ, 1923’ ಎಂದೂ ಆರ್ಥಿಕತೆಯ ಪಟ್ಟಿಯಲ್ಲಿ ‘ಪೊಹಾಂಗ್, ಉಕ್ಕು, 1973’ ಎಂದೂ ಬರೆಯಿರಿ. ಪೊಹಾಂಗ್ ಉಕ್ಕಿನ ಕಾರ್ಖಾನೆಗೆ ಹಣದ ಒಂದು ಪಾಲು ಬಂದದ್ದು ಜಪಾನ್ 1965ರ ಒಪ್ಪಂದದಂತೆ ಕೊಟ್ಟ 30 ಕೋಟಿ ಡಾಲರ್ ಅನುದಾನ, 20 ಕೋಟಿ ಡಾಲರ್ ಸಾಲದಿಂದ.

ಆರ್ಥಿಕತೆಯ ಪಟ್ಟಿಯಲ್ಲಿ ಸಾಮಾನ್ಯ ಗ್ರಾಫ್ ಹಾಕಿದರೆ ಸೋಲುತ್ತೀರಿ. ತಲಾ ಉತ್ಪನ್ನ 1960ರಲ್ಲಿ ಸುಮಾರು 158 ಡಾಲರ್, 2024ರಲ್ಲಿ ಸುಮಾರು 36,000. 36,000ಕ್ಕೆ 14 ಸೆಂ.ಮೀ. ಕೊಟ್ಟರೆ 158ಕ್ಕೆ ಮಾರ್ಕರ್ ಗೆರೆಯ ದಪ್ಪವೂ ಸಿಗದು. ಹತ್ತುಪಟ್ಟಿನ ಏಣಿ ಮಾಡಿ: 100, 1,000, 10,000, 1,00,000, ಮೆಟ್ಟಿಲಿಗೆ 5 ಸೆಂ.ಮೀ. ಆಗ 1960 ಒಂದು ಸೆಂ.ಮೀ. ಎತ್ತರದಲ್ಲಿ, 1977 (1,000 ಡಾಲರ್) ಐದರಲ್ಲಿ, 1994 (10,000) ಹತ್ತರಲ್ಲಿ, 2024 ಸುಮಾರು 12.8ರಲ್ಲಿ ಕೂರುತ್ತದೆ. ಆದರೆ ಈ ಏಣಿ 1998ರ ಕುಸಿತವನ್ನು ಮುಚ್ಚಿಬಿಡುತ್ತದೆ. ಸುಮಾರು 8,300 ಡಾಲರಿಗೆ ಬಿದ್ದದ್ದು ಪಟದಲ್ಲಿ ಬರೀ ಕೆಲವು ಮಿಲಿಮೀಟರ್. ಅದಕ್ಕೆ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಚೌಕ ಬಿಡಿಸಿ ಹೀಗೆ ಬರೆಯಿರಿ: ಉತ್ಪಾದನೆ ಕುಗ್ಗಿದ್ದು ಶೇ. 5ರಷ್ಟು, ಡಾಲರ್ ಲೆಕ್ಕದಲ್ಲಿ ತಲಾ ಉತ್ಪನ್ನ ಕುಸಿದದ್ದು ಸುಮಾರು ಮೂರನೇ ಒಂದು ಪಾಲು, ಕಾರಣ ವೊನ್ ನಾಣ್ಯದ ಬೆಲೆ ಬಿದ್ದದ್ದು. ಅದೇ ಚೌಕದಲ್ಲಿ ಇನ್ನೊಂದು ಸಾಲು: 1998ರಲ್ಲಿ ದೇಶದ ಸಾಲ ತೀರಿಸಲೆಂದು ಸುಮಾರು 35 ಲಕ್ಷ ಜನ ಉಂಗುರ, ಪದಕ, ಮಕ್ಕಳ ಮೊದಲ ಹುಟ್ಟುಹಬ್ಬದ ಬಂಗಾರ ತಂದುಕೊಟ್ಟು ಸುಮಾರು 227 ಟನ್ ಕೂಡಿತು. ಬಿಕ್ಕಟ್ಟಿನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಕೊಟ್ಟ ಸಾಲ ಅವಧಿಗೆ ಮುಂಚೆ, 2001ರ ಆಗಸ್ಟಿನಲ್ಲೇ ತೀರಿತು.

ರಫ್ತಿನ ಅಂಕಿಗಳನ್ನು ಕೋಟಿಗೆ ತರುವಾಗ ಸೊನ್ನೆ ತಪ್ಪುವುದು ಸಾಮಾನ್ಯ. ಒಂದು ಬಿಲಿಯನ್ ಅಂದರೆ 100 ಕೋಟಿ. 1964ರಲ್ಲಿ 10 ಕೋಟಿ ಡಾಲರ್, 1977ರಲ್ಲಿ 1,000 ಕೋಟಿ, 2024ರಲ್ಲಿ 68,000 ಕೋಟಿಗೂ ಹೆಚ್ಚು. ಮೊದಲಿನದರ ಪಕ್ಕ ಪ್ಲೈವುಡ್, ಬಟ್ಟೆ, ವಿಗ್ ಚಿತ್ರ, ಕೊನೆಯದರ ಪಕ್ಕ ಸೆಮಿಕಂಡಕ್ಟರ್, ಕಾರು, ಹಡಗು.

ಜನಸಂಖ್ಯೆಗೆ ಕೋಟಿಗೆ 2.5 ಸೆಂ.ಮೀ. ಹಿಡಿಯಿರಿ: 1960ಕ್ಕೆ 2.5 ಕೋಟಿ, 1980ಕ್ಕೆ 3.8, 2000ಕ್ಕೆ 4.7, 2020ಕ್ಕೆ 5.2. ಆ 2020ರಲ್ಲೇ ಮೊದಲ ಬಾರಿಗೆ ಹುಟ್ಟಿದವರಿಗಿಂತ ಸತ್ತವರು ಹೆಚ್ಚಾದರು. ಗೆರೆಯ ಕೆಳಗೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳೆಷ್ಟು ಎಂಬುದನ್ನು ಬರೆಯಿರಿ: 1970ಕ್ಕೆ 4.5, 1983ಕ್ಕೆ 2.06, 2018ಕ್ಕೆ 0.98, 2023ಕ್ಕೆ 0.72.

ಈ 0.72 ಬರೀ ಓದಿದರೆ ತಲೆಗೆ ಹೋಗುವುದಿಲ್ಲ, ಅಡಿಕೆ ಬೇಕಾಗುವುದು ಇದಕ್ಕೆ. ಮೇಜಿನ ಮೇಲೆ ಎರಡೆರಡರಂತೆ 50 ಜೋಡಿ ಇಡಿ, ಇವು ಅಜ್ಜ–ಅಜ್ಜಿಯರು. ಪ್ರತಿ ಜೋಡಿಗೆ 0.72 ಎಂದರೆ ಮಕ್ಕಳು 36. ಮುಂದಿನ ಸಾಲಿಗೆ ಅಷ್ಟೇ ಅಡಿಕೆ. ಆ 36ರಿಂದ 18 ಜೋಡಿ, ಅವರಿಗೆ 13 ಮಕ್ಕಳು. ನೂರು, ಮೂವತ್ತಾರು, ಹದಿಮೂರು. ಮೂರನೇ ಸಾಲನ್ನು ನೋಡುಗರ ಕೈಯಲ್ಲೇ ಇಡಿಸಿ. ಒಂದು ಬೊಗಸೆಯೂ ತುಂಬುವುದಿಲ್ಲ. ಆಮೇಲೆ ಕಾರಣಕ್ಕೆ ಬನ್ನಿ: ದೇಶದ ನೆಲದ ಶೇ. 12ರಷ್ಟಿರುವ ರಾಜಧಾನಿ ಸೋಲ್ ಸುತ್ತಲಿನ ಪ್ರದೇಶದಲ್ಲೇ ಅರ್ಧ ಜನ, ಅಲ್ಲಿ ಮನೆಯ ಬೆಲೆ, ಟ್ಯೂಷನ್ ಖರ್ಚು, ಮುಗಿಯದ ಕೆಲಸದ ಗಂಟೆಗಳು. ಮಕ್ಕಳೆಲ್ಲ ಬೆಂಗಳೂರು ಸೇರಿ ಹಿರಿಯರಿಬ್ಬರೇ ಉಳಿದ ತೋಟದ ಮನೆ ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

2024ಕ್ಕೆ 0.75 ಎಂದು ಬರೆಯಿರಿ. ಒಂಬತ್ತು ವರ್ಷಗಳಲ್ಲಿ ಮೊದಲ ಏರಿಕೆ ಅದು, ಕೋವಿಡ್ ನಂತರ ಮದುವೆಗಳು ಹೆಚ್ಚಿದ್ದರ ಫಲವೂ ಅದರಲ್ಲಿದೆ. ಆ ದೇಶ ತಾತ್ಕಾಲಿಕ ಅಂಕಿಯನ್ನು ಫೆಬ್ರವರಿ ಕೊನೆಗೆ, ಅಂತಿಮ ಅಂಕಿಯನ್ನು ಆಗಸ್ಟಿನಲ್ಲಿ ಪ್ರಕಟಿಸುತ್ತದೆ, ಆದ್ದರಿಂದ ತಾತ್ಕಾಲಿಕ ಅಂಕಿಯನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ. ಬಲಗಡೆ ಬಿಟ್ಟ 5 ಸೆಂ.ಮೀ. ಇನ್ನೆರಡು ವರ್ಷಕ್ಕೆ ಸಾಲುತ್ತದೆ.