ಮೊದಲು ನೋವಿಲ್ಲದ ಮಂಡಿ ನೋಡಿ: ಲಿಗಮೆಂಟ್ ಪರೀಕ್ಷೆ ಮಾಡುವ ಬಗೆ

ಕಬಡ್ಡಿ ಆಡುವಾಗ ಪಾದ ನೆಲ ಕಚ್ಚಿಕೊಂಡು ಮೈ ಮಾತ್ರ ತಿರುಗಿತು, ಮಂಡಿಯೊಳಗೆ ‘ಟಕ್’ ಎಂದಿತು, ಎರಡು ಮೂರು ಗಂಟೆಯಲ್ಲಿ ಊದಿಕೊಂಡಿತು. ಆಟಗಾರ ಇಷ್ಟು ಹೇಳಿದರೆ ಎಸಿಎಲ್ (ಮಂಡಿಯೊಳಗೆ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿಹಾಕುವ ಗಟ್ಟಿ ಪಟ್ಟಿ) ಹರಿದಿರುವ ಅನುಮಾನ ಬಲವಾಗುತ್ತದೆ. ಅಷ್ಟು ಬೇಗ ಊತ ಬಂದರೆ ಸಾಮಾನ್ಯವಾಗಿ ಕೀಲಿನೊಳಗೆ ರಕ್ತ ತುಂಬಿರುತ್ತದೆ. ಮುಂದೆ ಹೇಳುವವು ತರಬೇತಿ ಪಡೆದವರು ಮಾಡುವ ಪರೀಕ್ಷೆಗಳು. ಮೈದಾನದಲ್ಲಿ ಯಾರೋ ಕಾಲು ಹಿಡಿದು ಎಳೆಯುವುದು ಖಂಡಿತ ಬೇಡ.

ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮಂಡಿ 90 ಡಿಗ್ರಿ ಮಡಚದಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ. ಪೆಟ್ಟು ಜೋರಾಗಿದ್ದರೆ ಪಾದದ ನಾಡಿ ನೋಡಲೇಬೇಕು. ಮಂಡಿ ಕೀಲು ತಪ್ಪಿ ತಾನಾಗಿಯೇ ಕೂತಿದ್ದರೂ ಹಿಂಬದಿಯ ರಕ್ತನಾಳಕ್ಕೆ ಏಟಾಗಿರಬಹುದು.

ಈಗ ಲ್ಯಾಕ್‌ಮನ್ ಪರೀಕ್ಷೆ. ಎಸಿಎಲ್‌ಗೆ ನಾವು ಹೆಚ್ಚು ನೆಚ್ಚುವುದು ಇದನ್ನೇ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟು ಮಾತ್ರ ಮಡಚಿ. ಒಂದು ಕೈ ತೊಡೆಯನ್ನು ಮಂಡಿಗಿಂತ ತುಸು ಮೇಲೆ ಅಲುಗದಂತೆ ಹಿಡಿಯಲಿ. ಇನ್ನೊಂದು ಕೈಯ ಹೆಬ್ಬೆರಳು ಕೀಲಿನ ಗೆರೆಯ ಕೆಳಗೆ, ಉಳಿದ ಬೆರಳು ಮೀನಖಂಡದ ಹಿಂದೆ ಇರಲಿ. ಕೆಳಗಿನ ಮೂಳೆಯನ್ನು (ಮೊಣಕಾಲ ಕೆಳಗಿನ ದಪ್ಪ ಮೂಳೆ) ಮುಂದಕ್ಕೆ ಎಳೆಯಿರಿ. ಎಷ್ಟು ಜರುಗಿತು ಎನ್ನುವುದಕ್ಕಿಂತ ಹೇಗೆ ನಿಂತಿತು ಎನ್ನುವುದು ಮುಖ್ಯ. ಎಸಿಎಲ್ ಗಟ್ಟಿಯಿದ್ದರೆ ಬಿಗಿದ ಹಗ್ಗದಂತೆ ತಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ಮೆತ್ತಗೆ ಜಾರುತ್ತಲೇ ಹೋಗುತ್ತದೆ. ಕೆಲವರ ಕೀಲು ಹುಟ್ಟಿನಿಂದಲೇ ಸಡಿಲ. ಅದಕ್ಕೇ ನೋವಿಲ್ಲದ ಮಂಡಿಯನ್ನು ಮೊದಲು ನೋಡಬೇಕು. ಎರಡರ ನಡುವೆ 3 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅನುಮಾನಿಸಿ. ತೊಡೆ ದಪ್ಪಗಿದ್ದು ಕೈಗೆ ಸಿಗದಿದ್ದರೆ ಅದರ ಕೆಳಗೆ ನಿಮ್ಮ ಮಂಡಿಯನ್ನೇ ಆಸರೆ ಕೊಡಿ.

ಮಂಡಿಯನ್ನು 90 ಡಿಗ್ರಿ ಮಡಚಿ, ಪಾದವನ್ನು ಹಾಸಿಗೆಗೆ ಒತ್ತಿಹಿಡಿದು ಅದೇ ಮೂಳೆಯನ್ನು ಮುಂದಕ್ಕೆ ಎಳೆಯುವ ‘ಡ್ರಾಯರ್’ ಪರೀಕ್ಷೆ ಹೊಸ ಗಾಯದಲ್ಲಿ ಮೋಸ ಮಾಡುತ್ತದೆ. ನೋವಿಗೆ ತೊಡೆಯ ಹಿಂಬದಿಯ ಸ್ನಾಯು ಬಿಗಿದು ಮೂಳೆಯನ್ನು ಹಿಂದಕ್ಕೇ ಹಿಡಿದಿಡುತ್ತದೆ. ಹರಿದ ಎಸಿಎಲ್ ಸರಿಯಿದ್ದಂತೆ ತೋರುತ್ತದೆ. ಆ ಸ್ನಾಯುವನ್ನು ಬೆರಳಲ್ಲಿ ಮುಟ್ಟಿ, ಸಡಿಲವಾದ ಮೇಲೆ ಎಳೆಯಿರಿ. ಇನ್ನೊಂದು ಮೋಸ ಇದಕ್ಕೆ ತಿರುಗುಮುರುಗು. ಪಿಸಿಎಲ್ (ಮೂಳೆ ಹಿಂದಕ್ಕೆ ಜಾರದಂತೆ ತಡೆಯುವ ಲಿಗಮೆಂಟ್) ಹರಿದಿದ್ದರೆ ಮೂಳೆ ಮೊದಲೇ ಹಿಂದಕ್ಕೆ ಕುಸಿದಿರುತ್ತದೆ. ಎಳೆದಾಗ ಅದು ತನ್ನ ಜಾಗಕ್ಕೆ ಮರಳುವುದೇ ಎಸಿಎಲ್ ಹರಿದಂತೆ ಕಾಣುತ್ತದೆ. ಹಾಗಾಗಿ ಎಳೆಯುವ ಮುನ್ನ ಎರಡೂ ಮಂಡಿ ಮಡಚಿಸಿ, ಪಕ್ಕದಿಂದ ಬಗ್ಗಿ ನೋಡಿ. ಒಂದು ಕಡೆ ಮಂಡಿಚಿಪ್ಪಿನ ಕೆಳಗೆ ತಗ್ಗು ಕಂಡರೆ ಪಿಸಿಎಲ್ ಕಡೆ ಗಮನ ಕೊಡಿ.

ಪಕ್ಕದ ಲಿಗಮೆಂಟ್‌ಗಳನ್ನು 30 ಡಿಗ್ರಿ ಮಡಚಿ ಒಮ್ಮೆ, ಪೂರ್ತಿ ನೀಟಿ ಒಮ್ಮೆ ನೋಡಬೇಕು. ಹೊರಗಿನಿಂದ ಒಳಕ್ಕೆ ಒತ್ತಿದಾಗ 30 ಡಿಗ್ರಿಯಲ್ಲಿ ಮಾತ್ರ ಒಳಬದಿ ಬಾಯಿ ಬಿಟ್ಟರೆ ಎಂಸಿಎಲ್ (ಒಳಬದಿಯ ಲಿಗಮೆಂಟ್) ಒಂದೇ ಹರಿದಿರಬಹುದು. ನೀಟಿದ ಕಾಲಲ್ಲೂ ತೆರೆದುಕೊಂಡರೆ ಎಸಿಎಲ್ ಅಥವಾ ಪಿಸಿಎಲ್ ಕೂಡ ಹೋಗಿರುವ ಸಾಧ್ಯತೆ ಹೆಚ್ಚು. ಹೊರಬದಿಯ ಲಿಗಮೆಂಟ್ ಎಲ್‌ಸಿಎಲ್‌ಗೆ ಒತ್ತುವ ದಿಕ್ಕು ಬದಲು. ಅಲ್ಲಿ ಹರಿದಿದ್ದರೆ ಪಾದವನ್ನು ಕಣಕಾಲಿನಲ್ಲಿ ಮೇಲಕ್ಕೆ ಮಡಚಿಸಿ ನೋಡಿ. ಅಲ್ಲೇ ಪಕ್ಕದಲ್ಲಿ ಹಾದುಹೋಗುವ ನರಕ್ಕೂ ಪೆಟ್ಟಾಗಿರಬಹುದು.

ಊತ ತುಂಬಿದ ಮಂಡಿಯಲ್ಲಿ ಏನೂ ತಿಳಿಯದಿದ್ದರೆ ‘ಲಿಗಮೆಂಟ್ ಸರಿಯಿದೆ’ ಎಂದು ಬರೆಯಬೇಡಿ. ಊತ ಇಳಿದ ಮೇಲೆ, ವಾರ ಹತ್ತು ದಿನಕ್ಕೆ, ಮತ್ತೆ ಕರೆದು ಪರೀಕ್ಷಿಸಿ.