ವೈನ್ ದ್ರಾಕ್ಷಿಗೆ ಕತ್ತರಿಯೇ ಗೊಬ್ಬರ

ತಿನ್ನುವ ದ್ರಾಕ್ಷಿಯಿಂದಲೂ ವೈನ್ ಆಗುತ್ತದೆ, ಆದರೆ ಸಪ್ಪೆ. ಅವು ಸಾಮಾನ್ಯವಾಗಿ 16–18 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಶೇಕಡಾ ಅಳತೆ) ಸಿಹಿಗೇ ತಿನ್ನಲು ಸಿದ್ಧ. ವೈನಿಗೆ 22ರಿಂದ 24 ಬೇಕು, ಹುಳಿಯೂ ಉಳಿದಿರಬೇಕು. ಹಾಗಾಗಿ ಶಿರಾಜ್, ಕ್ಯಾಬರ್ನೆ, ಶೆನಾನ್ ಬ್ಲಾಂಕ್‌ನಂಥ ವೈನ್ ತಳಿಯ ಕಸಿ ಗಿಡವನ್ನೇ ತನ್ನಿ.

ದಿನಕ್ಕೆ ಏಳೆಂಟು ಗಂಟೆ ಬಿಸಿಲು, ನೀರು ನಿಲ್ಲದ ಮಣ್ಣು, ಇವೆರಡರಲ್ಲಿ ಒಂದು ಇಲ್ಲದಿದ್ದರೂ ನೆಡಲೇಬೇಡಿ. ಗಿಡದಿಂದ ಗಿಡಕ್ಕೆ ಆರು ಅಡಿ ಬಿಡಿ. ಕಸಿಗಂಟು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಹೂತುಹೋದರೆ ಮೇಲಿನ ತಳಿಯೇ ಬೇರು ಬಿಟ್ಟು ಕಸಿ ಕಟ್ಟಿದ್ದು ದಂಡವಾಗುತ್ತದೆ. ಮೊದಲೆರಡು ವರ್ಷ ಹೂಗೊಂಚಲು ಕಂಡಲ್ಲೇ ಚಿವುಟಿ ಹಾಕಿ. ಹೊಟ್ಟೆ ಉರಿಯುತ್ತದೆ, ಆದರೂ ಚಿವುಟಿ.

ಇನ್ನು ಕತ್ತರಿ. ಮನೆಬಳ್ಳಿ ಕೆಡುವುದು ಹೆಚ್ಚಾಗಿ ಇಲ್ಲೇ. ಹೋದ ವರ್ಷ ಬೆಳೆದ ಕಡ್ಡಿಯಿಂದ ಈ ವರ್ಷ ಒಡೆಯುವ ಚಿಗುರಿನಲ್ಲೇ ಫಸಲು. ಹಳೆಯ ಕಾಂಡದ ಚಿಗುರಿನಲ್ಲಿ ಹೆಚ್ಚಾಗಿ ಬರೀ ಸೊಪ್ಪು. ಎಲೆ ಉದುರಿ ಬಳ್ಳಿ ಮಲಗಿದಾಗ, ಚಿಗುರುವ ಮುಂಚೆ, ಹಿಂದಿನ ಬೆಳವಣಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತೆಗೆದುಬಿಡಿ. ತಂತಿಗೆ ಕಟ್ಟಿದ ತೋಳಿನ (ಅಡ್ಡಕ್ಕೆ ಬೆಳೆಸಿದ ಕಾಂಡದ) ಮೇಲೆ ಅರ್ಧ ಗೇಣಿಗೊಂದರಂತೆ ಪೆನ್ಸಿಲ್ ದಪ್ಪದ ಕಡ್ಡಿ ಉಳಿಸಿ, ಪ್ರತಿಯೊಂದರಲ್ಲೂ ಎರಡೇ ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಯುವಂತೆ ಕತ್ತರಿಸಿ. ಕೊಯ್ದ ಬಾಯಿಯಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಕೈ ನಡುಗಿ ಹೆಚ್ಚು ಕಣ್ಣು ಬಿಟ್ಟರೆ ಗೊಂಚಲು ಜಾಸ್ತಿಯಾಗಿ ಸಿಹಿ ಹಂಚಿಹೋಗುತ್ತದೆ. ಚಿಗುರಿಗೆ ಒಂದು ಗೊಂಚಲು, ಬಳ್ಳಿಗೆ ನಾಲ್ಕೈದು ಕಿಲೋ ಸಾಕು.

ಕಾಯಿ ಕಟ್ಟಿದ ಮೇಲೆ ಗೊಂಚಲಿನ ಸುತ್ತ, ಬೆಳಗಿನ ಬಿಸಿಲು ಬೀಳುವ ಬದಿಯ ಎಲೆ ಕಿತ್ತು ಗಾಳಿಯಾಡಿಸಿ. ಸಾರಜನಕ ಗೊಬ್ಬರ ಸುರಿದು ಎಲೆ ದಟ್ಟವಾದರೆ ಬೂದಿರೋಗ ಬಂತೆಂದೇ ಲೆಕ್ಕ. ಅದಕ್ಕೆ ಲೀಟರ್ ನೀರಿಗೆ ಎರಡು ಗ್ರಾಂ ನೀರಲ್ಲಿ ಬೆರೆಯುವ ಗಂಧಕ ಸಿಂಪಡಿಸಿ, 32 ಡಿಗ್ರಿ ದಾಟಿದ ಬಿಸಿಲಲ್ಲಿ ಮಾತ್ರ ಬೇಡ, ಎಲೆ ಸುಡುತ್ತದೆ. ಕೊಯ್ಲಿಗೆ ಐದಾರು ವಾರ ಮುಂಚೆಯೇ ಗಂಧಕ ನಿಲ್ಲಿಸಿ. ಹಣ್ಣಿನ ಮೇಲೆ ಉಳಿದದ್ದು ಹುದುಗುವಾಗ ವೈನಿಗೆ ಕೊಳೆತ ಮೊಟ್ಟೆಯ ವಾಸನೆ ತರುತ್ತದೆ.

ಬಣ್ಣ ತಿರುಗಿದ ಕೂಡಲೇ ಬಲೆ ಹಾಕಿ, ಇಲ್ಲವಾದರೆ ಹಕ್ಕಿಗಳದ್ದೇ ಕೊಯ್ಲು. ಆದರೆ ಬಣ್ಣ ನೋಡಿ ನೀವು ಕೀಳಬೇಡಿ. ಸಿಹಿ ತುಂಬಲು ಇನ್ನೂ ವಾರಗಳೇ ಬೇಕು, ಕಿತ್ತ ದ್ರಾಕ್ಷಿ ಮತ್ತೆ ಮಾಗುವುದಿಲ್ಲ. ಬಿಸಿಲಿನ ಬದಿ, ನೆರಳಿನ ಬದಿ, ಗೊಂಚಲಿನ ಮೇಲೆ, ತುದಿ, ಹೀಗೆ ಇಪ್ಪತ್ತು ಹಣ್ಣು ಆರಿಸಿ ಹಿಸುಕಿ, ಬೆರೆಸಿದ ರಸವನ್ನು ಬ್ರಿಕ್ಸ್ ಅಳೆಯುವ ಉಪಕರಣ ರಿಫ್ರಾಕ್ಟೋಮೀಟರಿಗೆ ಬಿಡಿ. ಒಂದೇ ಹಣ್ಣಿನ ಲೆಕ್ಕ ನಂಬಿಕೆಗೆ ಬಾರದು. ಬ್ರಿಕ್ಸ್ ಅನ್ನು 0.55ರಿಂದ ಗುಣಿಸಿದರೆ ಮದ್ಯಾಂಶ ಸಿಗುತ್ತದೆ. 22 ಇದ್ದರೆ ಸುಮಾರು ಶೇ. 12. ಬೀಜ ಜಗಿದು ನೋಡಿ: ಹಸಿರಿದ್ದು ಒಗರಾಗಿದ್ದರೆ ಕಾಯಿರಿ, ಕಂದಾಗಿ ಕಟುಂ ಎಂದರೆ ಹೊತ್ತಾಯಿತು.

ತಂಪು ಹೊತ್ತಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಒಡೆದ, ಕೊಳೆತ ಹಣ್ಣನ್ನು ಅಲ್ಲೇ ಎಸೆಯಿರಿ. ವೈನನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲೇ ಹೆಚ್ಚಾಗಿರುವುದು. ಐದು ಕಿಲೋಗೆ ಸುಮಾರು ಮೂರು ಲೀಟರ್ ವೈನ್ ಬರುತ್ತದೆ, ಆದರೆ ಪಾತ್ರೆ ದೊಡ್ಡದೇ ಇರಲಿ: ಕೆಂಪು ವೈನಿನಲ್ಲಿ ಸಿಪ್ಪೆ ಉಕ್ಕಿ ಮೇಲೇಳುವುದರಿಂದ ಕಾಲು ಭಾಗ ಖಾಲಿ ಬಿಡಬೇಕು.