ಬೇರಿನ ತುದಿಯಲ್ಲಿ ಅಲ್ಯುಮಿನಿಯಂ ಮಾಡುವ ಹಾನಿಯನ್ನು ನೋಡುವುದು ಹೇಗೆ?

ಮಂಡ್ಯದ ನಾಲಾ ಬಯಲಿನವರಿಗೆ ಚೌಳಿನ ಕಾಟ ಗೊತ್ತು; ಹುಳಿ ಮಣ್ಣಿನ ಕಾಟ ಹೆಚ್ಚಾಗಿ ಕೊಡಗು, ಮಲೆನಾಡಿನ ಕಡೆಯದು. ಅಲ್ಲಿ ಮಣ್ಣಿನ ರಸಸಾರ ಸುಮಾರು 5ಕ್ಕಿಂತ ಕೆಳಗಿಳಿದಾಗ, ಜೇಡಿಯಲ್ಲಿ ಅಡಗಿದ್ದ ಅಲ್ಯುಮಿನಿಯಂ ಕರಗಿ ಬಂದು ಮರದ ಬೇರಿನ ತುದಿಯನ್ನೇ ಮೊದಲು ಹಿಡಿಯುತ್ತದೆ. ಎಲೆ ಬಾಡುವ ತನಕ ಕಾಯದೆ ಈ ಹಾನಿಯನ್ನು ಕಣ್ಣಾರೆ ಕಾಣಲು ಕಾಲೇಜಿನ ಪ್ರಯೋಗಾಲಯ ಸಾಕು.

ಮೊದಲು ಹೊಂಗೆ ಬೀಜಗಳನ್ನು ರಾತ್ರಿ ನೆನೆಸಿ, ತೊಳೆದ ಮರಳಿನಲ್ಲಿ ಮೊಳೆಯಿಸಿರಿ. ಬೇರು 3–4 ಸೆಂ.ಮೀ. ಬೆಳೆದ ಮೇಲೆ ಮರಳಿಗೆ ನೀರು ಹೊಯ್ದು ಸಡಿಲಿಸಿ ಎತ್ತಬೇಕು. ಎಳೆದು ಕಿತ್ತರೆ ತುದಿ ಗಾಯಗೊಂಡು, ಆ ಗಾಯವೇ ಮುಂದೆ ಹಾಕುವ ಬಣ್ಣವನ್ನು ಹೀರಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಎರಡನೆಯದಾಗಿ, ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 74 ಮಿ.ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬೆರೆಸಿ ಎರಡು ಗಾಜಿನ ಪಾತ್ರೆಗಳಿಗೆ ಅರ್ಧರ್ಧ ಹಾಕಿರಿ. ಒಂದಕ್ಕೆ ಮಾತ್ರ 12 ಮಿ.ಗ್ರಾಂ. ಅಲ್ಯುಮಿನಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಸೇರಿಸಿ, ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳಿಂದ ಎರಡರ ರಸಸಾರವನ್ನೂ 4.5ಕ್ಕೆ ತನ್ನಿರಿ. ಎರಡೂ ಒಂದೇ ಹುಳಿಯಲ್ಲಿರುವುದರಿಂದ, ಮುಂದೆ ಕಾಣುವ ವ್ಯತ್ಯಾಸ ಆಮ್ಲದ್ದಲ್ಲ, ಅಲ್ಯುಮಿನಿಯಮ್ಮಿನದು ಎಂದು ಹೇಳಬಹುದು. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರು ಇಲ್ಲಿ ಬೇಡ; ಅದರ ಕ್ಷಾರ ರಸಸಾರವನ್ನು ಏರಿಸಿದರೆ ಅಲ್ಯುಮಿನಿಯಂ ಕರಗಿ ನಿಲ್ಲದೆ ಗಸಿಯಾಗುತ್ತದೆ. ಫಾಸ್ಫೇಟ್ ಇರುವ ಗೊಬ್ಬರದ ದ್ರಾವಣವೂ ಇದನ್ನೇ ಮಾಡುತ್ತದೆ.

ಬೇರುಗಳನ್ನು ಅಳೆದು ಎರಡೂ ಪಾತ್ರೆಗಳಲ್ಲಿ 24 ಗಂಟೆ ಮುಳುಗಿಸಿಟ್ಟು, ಮತ್ತೆ ಅಳೆಯಿರಿ. ಅಲ್ಯುಮಿನಿಯಂ ಸೇರಿಸಿದ ಪಾತ್ರೆಯಲ್ಲಿ ಬೆಳವಣಿಗೆ ಕುಂದಿರುವುದು ಅಳತೆಪಟ್ಟಿಯಲ್ಲೇ ಕಾಣಬಹುದು. ಬಳಿಕ ತುದಿಯ 2 ಸೆಂ.ಮೀ. ಭಾಗವನ್ನು 0.25 ಶೇಕಡ ಇವಾನ್ಸ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣದಲ್ಲಿ 15 ನಿಮಿಷ ಅದ್ದಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಕೈಗವಸು ಮರೆಯಬಾರದು.

ಈಗ ಸೂಕ್ಷ್ಮದರ್ಶಕದಡಿ ನೋಡಿದರೆ, ಪೊರೆ ಹಾಳಾಗದ ಕೋಶ ಈ ಬಣ್ಣವನ್ನು ಒಳಗೆ ಬಿಡದೆ ತಿಳಿಯಾಗಿಯೇ ಉಳಿದಿರುತ್ತದೆ. ಪೊರೆ ಸೀಳಿದ ಕೋಶ ನೀಲಿಯಾಗುತ್ತದೆ. ಕೊನೆಯ ಕೆಲವೇ ಮಿಲಿಮೀಟರ್‌ಗಳಲ್ಲಿ ನೀಲಿ ದಟ್ಟವಾಗಿದ್ದರೆ ಅಲ್ಲೇ ಕೆಲಸ ನಡೆದಿದೆ ಎಂದರ್ಥ. ಮೂರು ಧನ ವಿದ್ಯುದಂಶ ಹೊತ್ತ ಅಲ್ಯುಮಿನಿಯಂ ಅಯಾನು ಪೊರೆಯ ಫಾಸ್ಫೋಲಿಪಿಡ್‌ ಎಂಬ ಕೊಬ್ಬಿನ ಅಣುಗಳ ಋಣ ತಾಣಗಳಿಗೆ ಅಂಟಿಕೊಂಡು, ಅಲ್ಲಿದ್ದ ಕ್ಯಾಲ್ಸಿಯಮ್ಮನ್ನು ತಳ್ಳಿ, ಪೊರೆಯನ್ನು ಬಿರುಸಾಗಿಸುತ್ತದೆ. ಜೊತೆಗೆ ಕೊಬ್ಬಿನ ಆಮ್ಲಗಳ ಉತ್ಕರ್ಷಣವನ್ನು ಹೆಚ್ಚಿಸುವುದರಿಂದ ಪೊರೆ ಸೋರಿ, ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ.

ಆಸಕ್ತರು 735 ಮಿ.ಗ್ರಾಂ. ಕ್ಯಾಲ್ಸಿಯಂ ಲವಣವುಳ್ಳ ಒಂದು ಲೀಟರ್ ನೀರಿಗೆ 24 ಮಿ.ಗ್ರಾಂ. ಅಲ್ಯುಮಿನಿಯಂ ಲವಣ ಸೇರಿಸಿ ಮೂರನೆಯ ಪಾತ್ರೆಯನ್ನೂ ಇಡಬಹುದು. ಕ್ಯಾಲ್ಸಿಯಂ ಹೆಚ್ಚಾದಷ್ಟೂ ಅಲ್ಯುಮಿನಿಯಮ್ಮಿಗೆ ಅಂಟುವ ಜಾಗ ಕಡಿಮೆಯಾಗುವುದರಿಂದ, ಅಲ್ಲಿನ ನೀಲಿ ತಿಳಿಯಾಗುತ್ತದೆಯೇ ಎಂದು ಹೋಲಿಸಿ ನೋಡಿರಿ.